ತೆರೆದ ಕಾರಿನ ಸಂಚಕಾರ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ನಿಮ್ಮಲ್ಲೇ ನಾಲ್ಕಾರು ಮಂದಿ ಇರುತ್ತೀರಿ, ಉಳಿದವರೆಲ್ಲ ಕತ್ತು ತಿರುಗಿಸಿ ಅವರ ಮುಖ ನೋಡುತ್ತಾ ಕೂರುತ್ತೀರಿ. ಸಾಹುಕಾರ ಅಂತಲೇ ಇರಲಿ. ಎಣ್ಣೆ ಗಿರಣಿ ಇತ್ತು, ಮಾತಿನಲ್ಲಿ ಜಾಣತನ ಇತ್ತು, ನಿಮ್ಮ ಹಾಗೆ ಮಠಕ್ಕೆ ಪ್ರವಚನ ಕೇಳಲೂ ಬರುತ್ತಿದ್ದ. ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಈಗ ಮುಂದಿನ ಸಾಲಿನವರು ಹಿಂದೆ ಸರಿಯಬೇಕಾಗಿಲ್ಲ, ಕೂತುಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ನಗುನಗುತ್ತಾ ಶುರುವಾಗುತ್ತದೆ. ಆದರೆ ಇದನ್ನು ಮೊದಲು ಕೇಳಿದ ದಿನ ನಾನು ಪ್ರಸಾದದ ಎಲೆ ಬಿಟ್ಟು ಎದ್ದೆ. ಮನುಷ್ಯ ಇಷ್ಟು ಸಾವಧಾನವಾಗಿ, ಇಷ್ಟು ಮರ್ಯಾದೆಯಿಂದ, ಚಹಾ ಕುಡಿಸುತ್ತಾ ಇಂಥ ಕೆಲಸ ಮಾಡಬಹುದೇ ಎಂದು ಬೆಚ್ಚಿಬಿದ್ದೆ. ಇವತ್ತಿಗೂ ನೆನೆದರೆ ಬೆಚ್ಚುತ್ತೇನೆ.

ಈ ಸಾಹುಕಾರನಿಗೆ ಒಂದು ವಿದ್ಯೆ ಗೊತ್ತಿತ್ತು. ಕಾಯುವ ವಿದ್ಯೆ. ಶೇಂಗಾ ಯಾವಾಗ ಕೊಳ್ಳಬೇಕು, ಸೈಟು ಯಾವಾಗ ಕೊಳ್ಳಬೇಕು, ಬಂಗಾರ ಯಾವಾಗ ಕೊಳ್ಳಬೇಕು, ಎಲ್ಲಕ್ಕೂ ಅವನ ಹತ್ತಿರ ಒಂದು ಗಳಿಗೆ ಇರುತ್ತಿತ್ತು. ಯಾರಾದರೂ ಅವಸರ ಮಾಡಿದರೆ ನಕ್ಕು, ತಡೀರಿ, ವ್ಯಾಳ್ಯಾ ಬರಲಿ ಅನ್ನುತ್ತಿದ್ದ. ಊರಿನವರು ಅವನನ್ನು ಹೊಗಳುತ್ತಿದ್ದದ್ದೂ ಅದಕ್ಕೇ. ಬಡ್ಡಿಯಾಸೆಯವನಲ್ಲ, ಜಗಳಗಂಟನಲ್ಲ, ಸುಮ್ಮನೆ ಕಾಯುತ್ತಾನೆ ಅಷ್ಟೇ ಎಂದು.

ಒಂದು ವೈಶಾಖದಲ್ಲಿ ಇಂಥವನು ಬೀಗರ ಮನೆಯ ಮದುವೆಗೆ ಹೋದ. ಮೆರವಣಿಗೆ ಬಂತು. ಮದುಮಗ ಕೂತಿದ್ದದ್ದು ಕುದುರೆಯ ಮೇಲಲ್ಲ, ಜೀಪಿನಲ್ಲೂ ಅಲ್ಲ. ಹಳದಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತೆ ಹೋಗುವ, ಟಾಪು ಹಿಂದಕ್ಕೆ ಮಡಚಿಕೊಳ್ಳುವ ರೇಸಿನ ಕಾರಿನಲ್ಲಿ. ಬಟನ್ ಒತ್ತಿದರೆ ಮೇಲಿನ ಮುಚ್ಚಿಗೆ ತಾನೇ ಎದ್ದು ಹಿಂದೆ ಹೋಗಿ ಮಲಗುತ್ತಿತ್ತು. ಸಾಹುಕಾರ ಬಾಯಿ ತೆರೆದುಕೊಂಡು ನಿಂತ. ನೋಡಿ, ಜನ ತಲೆಯ ಮೇಲೊಂದು ಸೂರು ಬೇಕು ಅಂತ ಜೀವಮಾನವೆಲ್ಲ ಒದ್ದಾಡುತ್ತಾರೆ. ಇವನಿಗೆ ಸೂರಿಲ್ಲದ್ದೇ ಬೇಕಾಯಿತು! ಅದರಲ್ಲಿ ಎರಡೇ ಸೀಟು. ಹೆಂಡತಿ ಕೂತರೆ ಮಕ್ಕಳಿಗಿಲ್ಲ, ತಾಯಿ ಕೂತರೆ ಹೆಂಡತಿಗಿಲ್ಲ. ಆದರೂ ಬೇಕು. ಯಾಕೆ? ಮುಚ್ಚಿದ ಕಾರಿನಲ್ಲಿ ಹೋದರೆ ಕಾರು ಮಾತ್ರ ಕಾಣುತ್ತದೆ. ತೆರೆದ ಕಾರಿನಲ್ಲಿ ಹೋದರೆ ಒಳಗಿರುವವನು ಕಾಣುತ್ತಾನೆ. ನಾಲ್ಕು ಜನ ನೋಡಬೇಕು. ಅವನ ಆಸೆ ಅಷ್ಟೇ.

ಕಾರು ಯಾರದೆಂದು ವಿಚಾರಿಸಿದ. ಪೆಂಡಾಲು ಹಾಕುವ ಈರಭದ್ರಪ್ಪನದು. ಅವನೂ ಇವನ ಊರಿನವನೇ, ಕೆಳಗಿನ ಓಣಿಯವನು. ಯಾರೋ ಶೋಕಿಯವರು ಬಳಸಿ ಬಿಟ್ಟ ಕಾರನ್ನು ಗೋವಾ ಕಡೆಯಿಂದ ತಂದು, ಮೆರವಣಿಗೆಗಳಿಗೆ ಬಾಡಿಗೆಗೆ ಬಿಡುತ್ತಿದ್ದ. ಈಗ ಅದನ್ನು ಮಾರಬೇಕೆಂದಿದ್ದಾನೆ ಎಂಬ ಸುದ್ದಿಯೂ ಸಿಕ್ಕಿತು. ಸಾಹುಕಾರ ಮರುದಿನವೇ ಅವನ ಓಣಿಗೆ ಹೋದ. ಟೈರು ಒತ್ತಿ ನೋಡಿದ, ಬಾನೆಟ್ ಎತ್ತಿಸಿದ, ಟಾಪಿನ ಸುತ್ತಲಿನ ರಬ್ಬರಿಗೆ ಬೆರಳು ಹಾಕಿ ಮಳೆನೀರು ಇಳಿಯುತ್ತದೆಯೇ ಎಂದು ಕೇಳಿದ. ಕೊನೆಗೆ ಹಳೆಯ ಗಾಡಿ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ ಕೇಳಿದ. ಇಷ್ಟು ಚಲೋ ಗಾಡಿ ಯಾಕೆ ಮಾರುತ್ತೀ, ಏನಾದರೂ ಐಬು ಇದೆಯೇ ಎಂದು.

ಈರಭದ್ರಪ್ಪ ಕಾರಿನ ಮೇಲಿನ ಧೂಳು ಒರೆಸುತ್ತಾ ಹೇಳಿದ: “ಗಾಡ್ಯಾಗ ಏನೂ ಇಲ್ರಿ ಸಾವಕಾರ್ರ. ಮನ್ಯಾಗ ಸ್ವಲ್ಪ ತ್ರಾಸೈತ್ರಿ.”

ಇಲ್ಲಿ ನಿಲ್ಲೋಣ. ಮನೆಯಲ್ಲಿ ತ್ರಾಸಿದೆ ಎಂದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳಿದ. ನೀವಾಗಿದ್ದರೆ ಏನು ಕೇಳುತ್ತಿದ್ದಿರಿ? ಏನು ತ್ರಾಸು ಅಂತ ಕೇಳುತ್ತಿದ್ದಿರಿ. ಕೇಳುತ್ತಿದ್ದಿರಿ ತಾನೇ? ಸಾಹುಕಾರ ಕೇಳಲಿಲ್ಲ. ಅವನ ಮನಸ್ಸಿಗೆ ಬಂದದ್ದು ಬೇರೆ. ಮನೆಯಲ್ಲಿ ತ್ರಾಸಿದ್ದವನು ಬಹಳ ದಿನ ಬಿಗಿ ಹಿಡಿಯಲಾರ, ಬೆಲೆ ಇನ್ನೂ ಇಳಿಯುತ್ತದೆ. ಅಯ್ಯೋ ಅನ್ನಬೇಕಾದ ಜಾಗದಲ್ಲಿ ಅವನಿಗೆ ಖುಷಿಯಾಯಿತು.

ಆಮೇಲೆ ಅವನು ಮಾಡಿದ ಜಾಣತನ ಕೇಳಿ. ಆಗ ಮದುವೆಯ ಕಾಲ, ತೆರೆದ ಕಾರಿಗೆ ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು. ಈಗಲೇ ಕೊಂಡರೆ ನಷ್ಟ, ಬಿಟ್ಟು ಹೋದರೆ ಬೇರೆಯವರ ಪಾಲು. ಅದಕ್ಕೆ ಜೇಬಿನಿಂದ ಒಂದು ಸಣ್ಣ ಮೊತ್ತ ತೆಗೆದು ಈರಭದ್ರಪ್ಪನ ಕೈಯಲ್ಲಿಟ್ಟ. ಇದು ಸಂಚಕಾರ, ಗಾಡಿ ನನ್ನದಾಯಿತು, ಬೆಲೆಯ ಮಾತು ಒಯ್ಯುವಾಗ ಕೂತು ಆಡೋಣ ಅಂದ. ನಮ್ಮ ಕಡೆಯ ವ್ಯಾಪಾರ ನಿಮಗೆ ಗೊತ್ತು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಆದರೆ ಸಂಚಕಾರ ಮುಟ್ಟಿದ ಮೇಲೆ ಆ ವಸ್ತುವನ್ನು ಇನ್ನೊಬ್ಬರಿಗೆ ಮಾರಿದರೆ ಅವನನ್ನು ಯಾರೂ ಮನುಷ್ಯ ಅನ್ನುವುದಿಲ್ಲ. ಈರಭದ್ರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡ. ಎಂಟು ದಿನದಲ್ಲಿ ಸಾಹುಕಾರ ಬರುತ್ತಾನೆ ಎಂದುಕೊಂಡ.

ಜ್ಯೇಷ್ಠ ಕಳೆಯಿತು, ಸಾಹುಕಾರ ಬರಲಿಲ್ಲ. ಆಷಾಢ ಬಂತು. ಮಳೆ ಹಿಡಿಯಿತು. ಟಾಪು ತೆರೆಯುವ ಕಾರನ್ನು ಮಳೆಯಲ್ಲಿ ಕೇಳುವವರಾರು? ಆಷಾಢದಲ್ಲಿ ಮದುವೆಯೂ ಇಲ್ಲ, ಮೆರವಣಿಗೆಯೂ ಇಲ್ಲ, ಪೆಂಡಾಲೂ ಇಲ್ಲ. ಈರಭದ್ರಪ್ಪ ಛತ್ರಿ ಹಿಡಿದುಕೊಂಡು ಗಿರಣಿಗೆ ಬಂದ. ಸಾಹುಕಾರ ಎದ್ದು ನಿಂತು ಬರಮಾಡಿಕೊಂಡ, ಚಹಾ ತರಿಸಿದ, ಗೋಡೆಯ ಮೇಲಿನ ಪಂಚಾಂಗ ತೋರಿಸಿದ. ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರಬಾರದಪ್ಪಾ, ಹಿರಿಯರು ಬಿಟ್ಟುಹೋದ ರೂಢಿ, ಶ್ರಾವಣ ಬರಲಿ ಅಂದ. ಈರಭದ್ರಪ್ಪ ಏನೋ ಹೇಳಲು ಬಾಯಿ ತೆರೆದ, ಮತ್ತೆ ಚಹಾ ಕುಡಿದು ಎದ್ದ. ಅವನ ಅಂಗಿ ಸಡಿಲಾಗಿರುವುದನ್ನು ಸಾಹುಕಾರ ಗಮನಿಸಿದ. ಗಮನಿಸಿ, ಕಾಯಿ ಹಣ್ಣಾಗುತ್ತಿದೆ ಎಂದುಕೊಂಡ.

ಶ್ರಾವಣ ಬಂತು. ಬೆಳಗಾವಿ ಕಡೆಯ ಕಲ್ಯಾಣ ಮಂಟಪದವರೊಬ್ಬರು ನಗದು ಹಿಡಿದುಕೊಂಡೇ ಈರಭದ್ರಪ್ಪನ ಬಾಗಿಲಿಗೆ ಬಂದರು. ಅವರಿಗೆ ಅವಸರವಿತ್ತು, ಬೆಲೆ ಜಗ್ಗಾಡಲಿಲ್ಲ. ಈರಭದ್ರಪ್ಪ ಕೈಮುಗಿದು, ಇದಕ್ಕೆ ಸಂಚಕಾರ ಮುಟ್ಟಿದೆ ಎಂದು ಹೇಳಿ ಅವರನ್ನು ಕಳಿಸಿದ. ಅವನ ಹೆಂಡತಿ ಕಸ್ತೂರೆವ್ವ ಆ ದಿನ ಒಲೆ ಹಚ್ಚಲಿಲ್ಲ ಎಂದು ಓಣಿಯವರು ಹೇಳುತ್ತಾರೆ. ಮರುದಿನ ಅವನು ಮತ್ತೆ ಗಿರಣಿಗೆ ಬಂದ. ಸಾಹುಕಾರ ಮತ್ತೆ ಪಂಚಾಂಗ ತೆಗೆದ. ಗಣೇಶನ ಹಬ್ಬ ಆಗಲಿ, ಆಮೇಲೆ ಪಕ್ಷಮಾಸ ಬರುತ್ತದೆ, ಅದು ಹಿರಿಯರ ದಿನಗಳು, ದಸರೆಗೆ ತೇರಿನಂತೆ ಪೂಜೆ ಮಾಡಿ ಒಯ್ಯುತ್ತೇನೆ ಅಂದ. ದಸರೆ ಬಂತು. ದಸರೆಗೆ ಎಲ್ಲರೂ ಗಾಡಿ ಕೊಳ್ಳುತ್ತಾರೆ, ಬೆಲೆ ಏರಿರುತ್ತದೆ, ಅದಕ್ಕೆ ದೀಪಾವಳಿ ಅಂದ. ಅಷ್ಟರಲ್ಲಿ ಗ್ಯಾರೇಜಿನವನೊಬ್ಬ ಅವನ ಕಿವಿಯಲ್ಲಿ ಒಂದು ಗುಟ್ಟು ಊದಿದ್ದ. ಇಸವಿ ಬದಲಾದರೆ ಗಾಡಿ ಒಂದು ವರ್ಷ ಹಳೆಯದಾದಂತೆ ಲೆಕ್ಕ, ಡಿಸೆಂಬರಿನಲ್ಲಿ ಕೊಳ್ಳುವುದಕ್ಕಿಂತ ಜನವರಿಯಲ್ಲಿ ಕೊಳ್ಳುವುದು ಲಾಭ ಎಂದು. ಸರಿ, ಧನುರ್ಮಾಸ ಇದೆಯಲ್ಲ! ಧನುರ್ಮಾಸದಲ್ಲಿ ಶುಭಕಾರ್ಯ ಇಲ್ಲ, ಸಂಕ್ರಾಂತಿ ಕಳೆಯಲಿ.

ನೋಡಿದಿರಾ? ಋಷಿಮುನಿಗಳು ಮಳೆ ಬೆಳೆ ನೋಡಿಕೊಳ್ಳಲಿ, ಹಬ್ಬ ಹುಣ್ಣಿಮೆ ತಪ್ಪದಿರಲಿ ಎಂದು ಕಟ್ಟಿಕೊಟ್ಟ ಪಂಚಾಂಗವನ್ನು ಈ ಪುಣ್ಯಾತ್ಮ ಚೌಕಾಸಿಗೆ ಇಟ್ಟುಕೊಂಡ. ದೇವರ ಹೆಸರು ಹೇಳಿಯೇ ಮುಂದೂಡಿದ. ಒಂದು ಸಲವೂ ಸುಳ್ಳು ಹೇಳಲಿಲ್ಲ. ಆಷಾಢ ನಿಜ, ಪಕ್ಷಮಾಸ ನಿಜ, ಧನುರ್ಮಾಸ ನಿಜ. ನನಗೆ ಮೈ ಜುಮ್ಮೆನ್ನುವುದು ಇಲ್ಲೇ. ಅಷ್ಟೊಂದು ನಿಜಗಳನ್ನು ಜೋಡಿಸಿ ಎಂಥ ದೊಡ್ಡ ಸುಳ್ಳು ಕಟ್ಟಿದ!

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಮಧ್ಯಾಹ್ನದ ಹೊತ್ತು, ಸಾಹುಕಾರ ಹೂವಿನ ಹಾರ, ತೆಂಗಿನಕಾಯಿ, ಗಾಲಿಯ ಕೆಳಗಿಡಲು ನಿಂಬೆಹಣ್ಣು ಹಿಡಿಸಿಕೊಂಡು ಈರಭದ್ರಪ್ಪನ ಓಣಿಗೆ ಬಂದ. ಆಕಾಶ ತಿಳಿಯಾಗಿತ್ತು. ಟಾಪು ತೆಗೆದು ಪೇಟೆಯ ನಡುವೆ ಹೋಗಲು ಹೇಳಿ ಮಾಡಿಸಿದ ದಿನ. ಕಟ್ಟೆಯ ಮೇಲೆ ಕೂತು ತೀರಾ ಕಡಿಮೆ ಬೆಲೆ ಹೇಳಿದ. ಈರಭದ್ರಪ್ಪ ಜಗ್ಗಾಡುತ್ತಾನೆ, ಸ್ವಲ್ಪ ಏರಿಸಿದರಾಯಿತು ಎಂದು ಲೆಕ್ಕ ಹಾಕಿಕೊಂಡಿದ್ದ. ಈರಭದ್ರಪ್ಪ ಆಗಲಿ ಅಂದ. ಅಷ್ಟೇ. ಕೊಟ್ಟದ್ದನ್ನು ಎಣಿಸಲಿಲ್ಲ, ಒಳಗೆ ಹೋಗಿ ಕೀಲಿ ತಂದು ಕೈಯಲ್ಲಿಟ್ಟ.

ಸಾಹುಕಾರನಿಗೆ ಪಿಚ್ಚೆನಿಸಿತು. ಅಷ್ಟು ತಿಂಗಳು ಕಾದದ್ದು ಈ ಗೆಲುವಿಗೆ, ಎದುರಿನವನು ಆಟಕ್ಕೇ ಬರಲಿಲ್ಲ. ಆಮೇಲೆ ಅನುಮಾನ ಬಂತು. ಇಷ್ಟು ಬೇಗ ಒಪ್ಪಿದನೆಂದರೆ ಗಾಡಿಯಲ್ಲೇ ಏನೋ ಕೆಟ್ಟಿರಬೇಕು. ಮತ್ತೆ ಬಾನೆಟ್ ಎತ್ತಿ ನೋಡಿದ! ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ಏನೂ ಕೆಟ್ಟಿರಲಿಲ್ಲ. ಸಮಾಧಾನವಾಯಿತು. ಕಾಯಿ ಒಡೆಸಿದ, ಹಾರ ಹಾಕಿಸಿದ, ಚಾಲಕನ ಸೀಟಿನಲ್ಲಿ ಕೂತು ಬಟನ್ ಒತ್ತಿದ. ಟಾಪು ಎದ್ದು ಹಿಂದೆ ಹೋಗಿ ಮಲಗಿತು. ಓಣಿಯ ಜನ ಬಾಗಿಲು ಬಾಗಿಲಲ್ಲಿ ನಿಂತು ನೋಡಿದರು.

ಕಾರು ಓಣಿಯ ತಿರುವಿಗೆ ಬಂತು. ದಾರಿಯ ನಡುವೆ ಒಂದು ಹೆಣ್ಣು ಮಗು, ಆರೇಳು ವರ್ಷದ್ದು, ಬೆನ್ನು ಮಾಡಿ ಕೂತು ಸೀಮೆಸುಣ್ಣದಿಂದ ನೆಲದ ಮೇಲೆ ಏನೋ ಬರೆಯುತ್ತಿತ್ತು. ಸಾಹುಕಾರ ಹಾರ್ನ್ ಹೊಡೆದ. ಮೆರವಣಿಗೆಯ ಕಾರು ಅದು, ಹಾರ್ನ್ ಅಂದರೆ ಸಾಮಾನ್ಯದ್ದಲ್ಲ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಮೂರನೆಯ ಮನೆಯ ಮುದುಕ ಹೊರಗೆ ಬಂದ. ಮಗು ಅಲುಗಲಿಲ್ಲ. ಮತ್ತೆ ಹೊಡೆದ. ಮಗು ಗೆರೆ ಎಳೆಯುತ್ತಲೇ ಇತ್ತು. ಹತ್ತಿರ ಹೋದರೆ ತಾನೇ ಏಳುತ್ತದೆ ಎಂದು ಅವನು ಮುಂದಕ್ಕೆ ಬಿಟ್ಟ. ಸಾಧಾರಣ ಕಾರಲ್ಲ, ರೇಸಿನ ಕಾರು. ಅವನಿಗೆ ಅದರ ಪೆಡಲು ಹೊಸದು. ತುಸು ಒತ್ತಿದ್ದಕ್ಕೆ ಕಾರು ಚಿಮ್ಮಿತು.

ಹೆದರಬೇಡಿ ತಾಯಂದಿರೇ, ಬ್ರೇಕು ಹಿಡಿಯಿತು. ಮಗುವಿನ ಲಂಗದ ಅಂಚು ಬಂಪರಿಗೆ ತಾಗುವಷ್ಟರಲ್ಲಿ ಕಾರು ನಿಂತಿತು. ಹೆದರಿಕೆಯಾದಾಗ ನಾವೇನು ಮಾಡುತ್ತೇವೆ? ಸಿಟ್ಟು ಮಾಡುತ್ತೇವೆ. ಸಾಹುಕಾರನೂ ಎದ್ದು, ಆ ತೆರೆದ ಕಾರಿನಲ್ಲಿ ಇಡೀ ಓಣಿಗೆ ಕಾಣುವಂತೆ ನಿಂತು ಗದರಿದ: “ಯಾರ ಕೂಸಿದು? ಕಿವಿ ಕೇಳಸೂದಿಲ್ಲೇನ ನಿನಗ?”

ಕಸ್ತೂರೆವ್ವ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಏದುಸಿರು ಬಿಡುತ್ತಾ, ಆದರೆ ದನಿ ಏರಿಸದೆ ಹೇಳಿದಳು: “ಹೌದ್ರಿ. ಕೇಳಸೂದಿಲ್ರಿ.”

ಸಾಹುಕಾರನಿಗೆ ಮೊದಲು ಅರ್ಥವಾಗಲಿಲ್ಲ. ಅವಳ ಮುಖ ನೋಡಿದ, ಮಗುವಿನ ಮುಖ ನೋಡಿದ. ಮಗು ಅವನನ್ನು ನೋಡಿ ನಗುತ್ತಿತ್ತು. ಅದಕ್ಕೆ ಅವನ ಬೈಗುಳವೂ ಕೇಳಿರಲಿಲ್ಲ. ಈರಭದ್ರಪ್ಪ ಅಷ್ಟರಲ್ಲಿ ಬಂದು ಹೆಂಡತಿಯ ಪಕ್ಕ ನಿಂತಿದ್ದ. ಅವಳೇ ಮುಂದುವರಿಸಿದಳು: “ಮನ್ಯಾಗ ತ್ರಾಸೈತಿ ಅಂತ ನಮ್ಮವರು ನಿಮಗ ಹೇಳಿದ್ರಲ್ರಿ ಸಾವಕಾರ್ರ. ಆ ತ್ರಾಸು ಇದ ನೋಡ್ರಿ, ನಮ್ಮ ಗಂಗೂ.”

ಆಮೇಲೆ ಎಲ್ಲ ತಿಳಿಯಿತು. ಮಗುವಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕಿವಿಯ ಒಳಗೆ ಒಂದು ಯಂತ್ರ ಕೂರಿಸುವ ಆಪರೇಷನ್ ಇದೆ ಎಂದು ಇವರಿಗೆ ಗೊತ್ತಾಗಿದ್ದೇ ತಡವಾಗಿ. ವೈಶಾಖದಲ್ಲಿ ಡಾಕ್ಟರು ಖಡಾಖಂಡಿತ ಹೇಳಿದ್ದರು. ಮಾತು ಕಲಿಯುವ ವಯಸ್ಸು ಜಾರುತ್ತಿದೆ, ಈ ಮಳೆಗಾಲ ದಾಟಿಸಬೇಡಿ. ಆಗ ಇವರು ಕಾರು ಮಾರಲು ಹೊರಟಿದ್ದರು. ದೀಪಾವಳಿ ಕಳೆದ ಮೇಲೆ ಕೈಕಾಲು ಹಿಡಿದು ಒಂದಿಷ್ಟು ಹೊಂದಿಸಿಕೊಂಡು ಹೋದಾಗ, ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ತಲೆಯಾಡಿಸಿದ್ದರು. ಈಗ ಯಂತ್ರ ಕೂರಿಸಿದರೆ ಸಪ್ಪಳ ಕೇಳಬಹುದು, ಆ ಸಪ್ಪಳ ಮಾತಾಗಿ ತಿಳಿಯುವ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು.

ಸಾಹುಕಾರ ಸೀಟಿನಲ್ಲಿ ಕುಸಿದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಈರಭದ್ರಪ್ಪನಿಗೆ ಸಿಟ್ಟೂ ಇರಲಿಲ್ಲ. “ಹೇಳಾಕ ಬಂದಿದ್ನಿರಿ. ಬಂದಾಗೊಮ್ಮೆ ನೀವು ಪಂಚಾಂಗ ತಗದ್ರಿ.”

ಬೇರೆಯವರಿಗೆ ಮಾರಬಾರದಿತ್ತೇ ಎಂದು ಸಾಹುಕಾರ ಗೋಗರೆದ. ಮಾರಿಬಿಟ್ಟಿದ್ದರೆ ತಾನು ಉಳಿಯುತ್ತಿದ್ದೆ ಎಂಬಂತೆ ಗೋಗರೆದ. ಈರಭದ್ರಪ್ಪ ಅವನನ್ನೇ ವಿಚಿತ್ರವಾಗಿ ನೋಡಿದ. “ಅದ್ಹೆಂಗ್ರಿ? ನಿಮ್ಮ ಸಂಚಕಾರ ಇಸಗೊಂಡಿದ್ನಲ್ರಿ.”

ಸಂಚಕಾರ! ನಮ್ಮ ಮಾತಿನಲ್ಲಿ ಆ ಪದಕ್ಕೆ ಎರಡು ಅರ್ಥ ಇದೆ, ಯೋಚನೆ ಮಾಡಿ. ವ್ಯಾಪಾರಕ್ಕೆ ಮುಂಗಡ ಕೊಟ್ಟರೂ ಸಂಚಕಾರ. ಬದುಕಿಗೆ ಕೇಡು ಬಂದರೂ ಸಂಚಕಾರ. ಸಾಹುಕಾರ ತಾನು ಮೊದಲನೆಯದನ್ನು ಕೊಟ್ಟೆ ಎಂದುಕೊಂಡಿದ್ದ. ಆ ಮನೆಗೆ ಮುಟ್ಟಿದ್ದು ಎರಡನೆಯದು. ಅವನಿಗೆ ಆ ಪದ ಕಿವಿಗೆ ಬಿದ್ದ ಕೂಡಲೇ ಎರಡೂ ಅರ್ಥ ಒಟ್ಟಿಗೇ ತಿಳಿದವು. ಎಷ್ಟು ಬೇಕಾದರೂ ಕೊಡುತ್ತೇನೆ, ಎಷ್ಟು ದೊಡ್ಡ ದವಾಖಾನೆಗಾದರೂ ಕರೆದುಕೊಂಡು ಹೋಗೋಣ, ಈಗಲೇ ನಡೀರಿ ಎಂದು ತೊದಲಿದ. ಕಸ್ತೂರೆವ್ವ ಎರಡೇ ಮಾತು ಹೇಳಿದಳು: “ವ್ಯಾಳ್ಯಾ ಮೀರೇತ್ರಿ.”

ಇಂಜಿನ್ ಇನ್ನೂ ಚಾಲೂ ಇತ್ತು. ಗಂಗೂ ತಾಯಿಯ ಸೊಂಟದಿಂದ ಜಾರಿ ಇಳಿದು ಬಂದು ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟಳು. ಕೆನ್ನೆಯನ್ನೂ ಇಟ್ಟಳು. ಕಾರು ನಡುಗುವುದು ಅವಳ ಮೈಗೆ ಗೊತ್ತಾಗುತ್ತಿತ್ತು. ಅಪ್ಪ ಮೆರವಣಿಗೆಗೆ ಹೊರಟಾಗಲೆಲ್ಲ ಅವಳು ಹಾಗೆ ಮಾಡುತ್ತಿದ್ದಳಂತೆ. ಕಣ್ಣು ಮುಚ್ಚಿಕೊಂಡು ನಗುತ್ತಾ ನಿಂತುಬಿಟ್ಟಳು. ಸಾಹುಕಾರನಿಗೆ ಇಂಜಿನ್ ಆರಿಸಲೂ ಆಗಲಿಲ್ಲ, ಕಾರು ಮುಂದೆ ಬಿಡಲೂ ಆಗಲಿಲ್ಲ. ಮೇಲೆ ಮುಚ್ಚಿಗೆ ಇಲ್ಲ, ಮುಖ ಮರೆಸಲು ಜಾಗವಿಲ್ಲ. ನಾಲ್ಕು ಜನ ನೋಡಲಿ ಎಂದು ಕೊಂಡ ಕಾರು. ಜನ ನೋಡಿದರು.

ಕೀಲಿಯನ್ನು ಅಲ್ಲೇ ಬಿಟ್ಟು ಅವನು ನಡೆದುಕೊಂಡು ಮನೆಗೆ ಹೋದ. ಮುಂದೆ ಅವನು ಆ ಮನೆಗೆ ಬೇಕಾದಷ್ಟು ಮಾಡಿದ. ಮಗುವನ್ನು ಕೈಸನ್ನೆಯ ಭಾಷೆ ಕಲಿಸುವ ಶಾಲೆಗೆ ಸೇರಿಸಿದ. ಗಂಗೂ ಜಾಣೆ, ಬೆರಳುಗಳಲ್ಲೇ ಪಟಪಟನೆ ಮಾತಾಡುತ್ತಾಳೆ, ಚೆನ್ನಾಗಿಯೇ ಬದುಕುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಸಂಕಟ ಅದಲ್ಲ. ಆ ತಂದೆತಾಯಿಗೆ ಒಂದು ಬಾಗಿಲು ತೆರೆದಿತ್ತು. ಒಳಗೆ ಹೋಗುವುದೋ ಬಿಡುವುದೋ ಅವರ ಇಷ್ಟ. ಹೊರಗಿನವನೊಬ್ಬ ಬಂದು ಹೊಸ್ತಿಲ ಮೇಲೆ ಕಾಲಿಟ್ಟುಕೊಂಡು, ಮರ್ಯಾದೆಯಿಂದ ಮಾತಾಡುತ್ತಾ, ಬಾಗಿಲು ಮುಚ್ಚುವವರೆಗೆ ನಿಂತ. ಹಳದಿ ಕಾರಿಗಾಗಿ ನಿಂತ!

ಈಗ ಹೇಳಿ. ಅವನು ಕಳ್ಳತನ ಮಾಡಿದನೇ? ಇಲ್ಲ. ಕಾನೂನು ಮುರಿದನೇ? ಇಲ್ಲ. ಕೆಟ್ಟ ಮಾತು ಆಡಿದನೇ? ಚಹಾ ಕುಡಿಸಿದ. ಪೊಲೀಸರ ಹತ್ತಿರ ಹೋದರೆ ನಕ್ಕು ಕಳಿಸುತ್ತಾರೆ. ವ್ಯಾಪಾರಸ್ಥರ ಹತ್ತಿರ ಹೋದರೆ, ಭಪ್ಪರೆ, ಒಳ್ಳೆಯ ಗಳಿಗೆ ನೋಡಿ ಕೊಂಡಿದ್ದಾನೆ ಎಂದು ಬೆನ್ನು ತಟ್ಟುತ್ತಾರೆ. ನಾವು ನೀವು ಕೂಡ ತಟ್ಟುತ್ತಿದ್ದೆವು, ಆ ಓಣಿಯ ತಿರುವಿನಲ್ಲಿ ಆ ಮಗು ಕೂತಿರದಿದ್ದರೆ. ನನ್ನನ್ನು ಹೆದರಿಸುವುದು ಇದೇ. ಅವನು ಟೈರಿನ ಬಗ್ಗೆ ಕೇಳಿದ, ಐಬಿನ ಬಗ್ಗೆ ಕೇಳಿದ, ರಬ್ಬರಿನ ಬಗ್ಗೆ ಕೇಳಿದ. ಏನು ತ್ರಾಸಪ್ಪಾ ನಿನಗೆ ಎಂದು ಮಾತ್ರ ಕೇಳಲಿಲ್ಲ. ಹಾಗಾದರೆ ಆ ಓಣಿಯಲ್ಲಿ ಕಿವಿ ಕೇಳದೆ ಇದ್ದದ್ದು ಯಾರಿಗೆ?

ನಗಬೇಡಿ, ನಿಮ್ಮ ಸರದಿ ಬಂತು. ನೀವು ರೇಸಿನ ಕಾರು ಕೊಳ್ಳುವವರಲ್ಲ, ಗೊತ್ತು. ಆದರೆ ಯಾರೋ ಅವಸರಕ್ಕೆ ಮಾರುತ್ತಿರುವ ಜಾಗಕ್ಕೆ ಸಂಚಕಾರ ಕೊಟ್ಟು, ಇನ್ನೂ ಇಳಿಯಲಿ ಎಂದು ಕೂತಿಲ್ಲವೇ? ಬ್ಲೌಸು ಹೊಲಿದುಕೊಟ್ಟವಳು ಕೂಲಿ ಕೇಳಲು ಬಂದರೆ, ಇವತ್ತು ಶುಕ್ರವಾರ, ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಅಂದಿಲ್ಲವೇ? ಗೋಡೆಗೆ ಬಣ್ಣ ಬಳಿದವನು ಸಂಜೆ ಬಂದರೆ, ದೀಪ ಹಚ್ಚಿದ ಮೇಲೆ ಕೊಡಬಾರದು, ನಾಳೆ ಬಾ ಅಂದಿಲ್ಲವೇ? ಶುಕ್ರವಾರ ಯಾರಾದರೂ ನಿಮಗೆ ಕೊಡಲು ಬಂದರೆ ನಾಳೆ ಬಾ ಅಂತೀರಾ? ಇಸಿದುಕೊಳ್ಳುವ ಕೈಗೆ ಯಾವ ವಾರವೂ ಅಡ್ಡ ಬರುವುದಿಲ್ಲ, ಕೊಡುವ ಕೈಗೆ ಮಾತ್ರ ಮುಹೂರ್ತ ಬೇಕು. ಇದು ಧರ್ಮವಲ್ಲ. ಧರ್ಮದ ಬಟ್ಟೆ ಉಟ್ಟುಕೊಂಡ ಜಿಪುಣತನ. ಮಠದ ಮಾತು ಎಂದು ಹೇಳಿಕೊಂಡು ಇದನ್ನು ಮಾಡಬೇಡಿ, ನನಗೆ ಅವಮಾನವಾಗುತ್ತದೆ.

ಇನ್ನು ಮೇಲೆ ಹೀಗೆ ಮಾಡಿ. ಯಾರಾದರೂ ಮನೆಯಲ್ಲಿ ತ್ರಾಸಿದೆ ಅಂದರೆ, ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ, ಏನು ತ್ರಾಸು ಎಂದು ಕೇಳಿ. ಕೇಳಿದ ಮೇಲೆ ಕೊಳ್ಳಿ ಅಥವಾ ಬಿಡಿ, ಆದರೆ ಅದೇ ದಿನ ಹೇಳಿ. ಸಂಚಕಾರ ಕೊಟ್ಟಿದ್ದರೆ ವ್ಯವಹಾರ ಮುಗಿಸಿ, ಇಲ್ಲವೇ ನನಗೆ ಬೇಡ, ಬೇರೆಯವರಿಗೆ ಕೊಡು ಎಂದು ಬಿಡಿಸಿ. ನಿಮ್ಮ ಲಾಭಕ್ಕೆ ನೀವು ಕಾಯಬಹುದು. ಇನ್ನೊಬ್ಬನನ್ನು ಕಟ್ಟಿಹಾಕಿ ಕಾಯಬೇಡಿ. ಅವನ ಮನೆಯೊಳಗೆ ಯಾವ ಗಡಿಯಾರ ಓಡುತ್ತಿದೆಯೋ ನಿಮಗೇನು ಗೊತ್ತು?

ನಾನು ಇನ್ನೂ ಅರ್ಧ ಗಂಟೆ ಮಾತಾಡಬೇಕಿತ್ತು. ಮಾತಾಡುವುದಿಲ್ಲ. ಇಷ್ಟು ಹೊತ್ತು ಹೇಳುತ್ತಿದ್ದಾಗ ನಿಮ್ಮಲ್ಲಿ ಕೆಲವರಿಗೆ ತಾವು ಕೊಡದೆ ಕಾಯಿಸುತ್ತಿರುವ ಒಬ್ಬರ ಮುಖ ನೆನಪಾಗಿದೆ, ನನಗೆ ಇಲ್ಲಿಂದ ಕಾಣುತ್ತಿದೆ. ಅಂಥವರು ಈಗಲೇ ಎದ್ದು ಹೋಗಿ. ಪ್ರಸಾದ ಎತ್ತಿಡಿಸುತ್ತೇನೆ. ಇವತ್ತು ಶುಕ್ರವಾರ, ದೀಪ ಹಚ್ಚಿ ಆಗಿದೆ. ಕೊಟ್ಟು ಬನ್ನಿ.